ಇಲಿಯ ಗುರಿ

ಬಿಲ್ವಿದ್ಯೆ ಎಂದರೆ ನಮ್ಮಲ್ಲಿ ಯಾರೂ ನಗುವುದಿಲ್ಲ. ದ್ರೋಣರು ಮರದ ಮೇಲಿನ ಹಕ್ಕಿಯನ್ನು ತೋರಿಸಿ ಶಿಷ್ಯರನ್ನು ಪರೀಕ್ಷಿಸಿದ ಕಥೆಯನ್ನು ಪ್ರಾಥಮಿಕ ಶಾಲೆಯಲ್ಲಿಯೇ ಹೇಳಿಕೊಡುತ್ತಾರೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ, ಬಿಲ್ಲು ಹಿಡಿದ ಬೇಟೆಗಾರ್ತಿಯ ಮದನಿಕೆಯೆದುರು ಪ್ರವಾಸಿಗಳು ತಲೆದೂಗುತ್ತಾರೆ. ಕೊಡಗಿನಲ್ಲಿ ಕೈಲ್ ಮುಹೂರ್ತದ ಹಬ್ಬ ಬಂದಿತೆಂದರೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಯುತ್ತದೆ. ಆದರೆ ಬಿಕ್ಕೋಡಿನ ಒಂದು ಹಂಚಿನ ಮನೆಯಲ್ಲಿ ಹುಡುಗನೊಬ್ಬನು ಗಣಕಯಂತ್ರದ ಮುಂದೆ ಕುಳಿತು ಮೌಸಿನಿಂದ ಗುರಿ ಅಭ್ಯಾಸ ಮಾಡುತ್ತಾನೆಂದರೆ ಮಾತ್ರ ಎಲ್ಲರಿಗೂ ನಗು. ಆ ಹುಡುಗ ನಾನೇ ಆದುದರಿಂದ ಈ ವಿಷಯವಾಗಿ ನಾಲ್ಕು ಮಾತು ಬರೆಯುವ ಅಧಿಕಾರ ನನಗುಂಟೆಂದು ಭಾವಿಸಿದ್ದೇನೆ.

ಈ ಲೋಕದ ಪರಿಚಯವಿಲ್ಲದ ಅಧ್ಯಾಪಕ ವರ್ಗದವರಿಗಾಗಿ ಮೊದಲು ಸ್ವಲ್ಪ ವಿವರಣೆ. ಕೌಂಟರ್-ಸ್ಟ್ರೈಕ್, ವ್ಯಾಲೊರೆಂಟ್ ಮೊದಲಾದ ಆಟಗಳಲ್ಲಿ ಐದೈದು ಜನರ ಎರಡು ತಂಡಗಳು ಪರದೆಯ ಮೇಲೆ ಹೋರಾಡುತ್ತವೆ. ಎದುರಾಳಿಯ ತಲೆ ಮೂಲೆಯಿಂದ ಇಣುಕಿದ ಕ್ಷಣದಲ್ಲಿ ಗುರಿಚಿಹ್ನೆಯನ್ನು ಅಲ್ಲಿಗೆ ಒಯ್ದು ಗುಂಡಿ ಒತ್ತಬೇಕು. ಈ ಒಂದು ಕೌಶಲವನ್ನು ಮಾತ್ರ ಬೇರ್ಪಡಿಸಿ ಅಭ್ಯಾಸ ಮಾಡಿಸುವ ತಂತ್ರಾಂಶಗಳಿವೆ. ಕೊವಾಕ್ಸ್ ಮತ್ತು ಏಮ್‌ಲ್ಯಾಬ್ಸ್ ಎಂಬೆರಡು ಹೆಸರುವಾಸಿಯಾದವು. ಗೋಡೆಯ ಮೇಲೆ ಚೆಂಡುಗಳು ಮೂಡುತ್ತವೆ, ಹೊಡೆಯಬೇಕು. ಕೆಲವು ನಿಂತಿರುತ್ತವೆ, ಕೆಲವು ಓಡುತ್ತವೆ. ವೇಳೆ ಮುಗಿದೊಡನೆ ಅಂಕ. ಸಂಗೀತದ ವಿದ್ಯಾರ್ಥಿಯು ಸರಳೆ, ಜಂಟಿವರಸೆಗಳನ್ನು ಸಾಧಿಸುವ ಹಾಗೆ ಎಂದುಕೊಳ್ಳಿ. ನಿಜವಾದ ರೈಫಲ್ ಹಿಡಿಯುವ ಸ್ಪರ್ಧಾಳುಗಳೂ ಗುಂಡಿಲ್ಲದ ಬಂದೂಕಿನಿಂದ ಬಹಳ ಹೊತ್ತು ಗುರಿಯಿಟ್ಟು ಅಭ್ಯಾಸ ಮಾಡುವುದುಂಟು. ಅವರನ್ನು ಯಾರೂ ಸೋಮಾರಿಗಳೆನ್ನರು.

ಇದರ ಹಿಂದೆ ಶಾಸ್ತ್ರವೂ ಇದೆ. ಗುರಿ ದೂರವಾದಷ್ಟೂ, ಚಿಕ್ಕದಾದಷ್ಟೂ ಕೈ ಅದನ್ನು ಮುಟ್ಟಲು ಹೆಚ್ಚು ಕಾಲ ಬೇಕೆಂಬುದನ್ನು ಪಾಲ್ ಫಿಟ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞನು 1954ರಲ್ಲಿ ಗಣಿತದ ಸೂತ್ರವಾಗಿಯೇ ಬರೆದಿಟ್ಟನು. ಆಗ ಮೌಸ್ ಇನ್ನೂ ಹುಟ್ಟಿರಲಿಲ್ಲ!

ನಾನು ಮಾಡಿದ ಮೊದಲನೆಯ ತಪ್ಪು ಮೌಸಿನ ವೇಗದ್ದು. ಮಣಿಕಟ್ಟನ್ನು ಅಲುಗಿಸಿದರೆ ಸಾಕು, ಪರದೆಯಲ್ಲಿ ಪೂರ್ತಿ ಹಿಂದಿರುಗಿಬಿಡುತ್ತಿದ್ದೆ. ಅದೇ ಚುರುಕುತನವೆಂದು ನನ್ನ ನಂಬಿಕೆ. ಲೆಕ್ಕ ಹಾಕಿ ನೋಡಿ: ಮೌಸು ಒಂದು ಅಂಗುಲ ಸರಿದರೆ 800 ಎಣಿಕೆ ಕಳುಹಿಸುತ್ತದೆಯೆನ್ನೋಣ. ಕೌಂಟರ್-ಸ್ಟ್ರೈಕಿನಲ್ಲಿ ಸೂಕ್ಷ್ಮತೆಯನ್ನು 1 ಎಂದಿಟ್ಟರೆ ಒಂದು ಎಣಿಕೆಗೆ 0.022 ಡಿಗ್ರಿ ತಿರುಗುತ್ತೇವೆ. ಪೂರ್ತಿ ಒಂದು ಸುತ್ತಿಗೆ ಸುಮಾರು 52 ಸೆಂಟಿಮೀಟರು ಬೇಕು. 2 ಎಂದಿಟ್ಟರೆ 26. ನಾನಿಟ್ಟುಕೊಂಡಿದ್ದುದು 8! ಆರೂವರೆ ಸೆಂಟಿಮೀಟರಿನಲ್ಲಿ ಭೂಮಂಡಲವೇ ಸುತ್ತುತ್ತಿದ್ದರೆ ಚಿಕ್ಕ ತಲೆಯೊಂದರ ಮೇಲೆ ನಿಲ್ಲುವುದು ಹೇಗೆ? ಕಡಮೆ ಮಾಡಿಕೊಂಡು, ಮೊಣಕೈಯಿಂದ ಮೌಸನ್ನು ಸರಿಸಲು ಕಲಿತೆ. ವಿಂಡೋಸಿನಲ್ಲಿ ಕೈಯ ವೇಗಕ್ಕೆ ತಕ್ಕಂತೆ ಬಾಣದ ವೇಗ ಬದಲಿಸುವ ಏರ್ಪಾಡೊಂದಿದೆ, ಅದನ್ನು ಆರಿಸಿದೆ. ಅಂಕಗಳು ಏರಿದವು.

ಏರಿದ್ದೇ ಕೆಡುಕಾಯಿತು. ದಿನಕ್ಕೆ ಮೂರು ಗಂಟೆ ಚೆಂಡು ಹೊಡೆಯತೊಡಗಿದೆ. ಮಣಿಕಟ್ಟು ನೋಯಿತು. ಮೊದಲನೆಯ ಸೆಮಿಸ್ಟರಿನಲ್ಲಿ ಅರ್ಥಶಾಸ್ತ್ರ ಕೈಕೊಟ್ಟಿತು. ತಂದೆಯವರು ಕಾಫಿ ತೋಟದ ರೈಟರು. ಸಾಲ ಮಾಡಿ ಯಂತ್ರ ತಂದುಕೊಟ್ಟವರು. ಅವರು ಬೈಯಲಿಲ್ಲ. ಮೌಸನ್ನು ಒಂದು ಪಂಚೆಯಲ್ಲಿ ಸುತ್ತಿ ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದರು. ಬೈದಿದ್ದರೆ ಒಳ್ಳೆಯದಿತ್ತು.

ನಲವತ್ತು ದಿನಗಳ ಮೇಲೆ ಅದು ಹೊರಬಂದಾಗ ಚೆಂಡಿನ ಅಂಕ ನೆಲ ಕಚ್ಚಿತ್ತು. ಆದರೆ ಆಟದಲ್ಲಿ ನಾನು ಮೊದಲಿಗಿಂತ ಕಡೆಯಾಗಿರಲಿಲ್ಲ. ಇದೇನು ವಿಚಿತ್ರ! ಅಜ್ಜನವರಿಗೆ ಹೇಳಿದೆ. 1972ರ ವನ್ಯಜೀವಿ ಕಾಯಿದೆ ಬರುವುದಕ್ಕೆ ಮೊದಲು, ತಾರುಣ್ಯದಲ್ಲಿ, ಅವರು ಹಂದಿ ಬೇಟೆಗೆ ಹೋದವರು. "ಹಂದಿ ಬರೋ ದಾರಿ ಗೊತ್ತಿದ್ದರೆ ಅರ್ಧ ಗುರಿ ಆಗಲೇ ಆಯಿತು, ಕೋವಿ ತಿರುಗಿಸುವ ಕೆಲಸ ಎಷ್ಟು ಮಹಾ?" ಎಂದರು. ಎದುರಾಳಿ ಬರುವ ಮೂಲೆಯಲ್ಲಿ, ಅವನ ತಲೆಯೆತ್ತರಕ್ಕೆ, ಗುರಿಚಿಹ್ನೆಯನ್ನು ಮೊದಲೇ ಇಟ್ಟುಕೊಳ್ಳುವುದನ್ನು ಚೆಂಡಿನ ಗೋಡೆ ಕಲಿಸುವುದಿಲ್ಲ. ಅದು ಆಡಿಯೇ ಬರಬೇಕು. ನಾನು ಸರಳೆಯನ್ನೇ ಕಛೇರಿಯೆಂದು ತಿಳಿದಿದ್ದೆ.

ಆದುದರಿಂದ ಅಭ್ಯಾಸ ವ್ಯರ್ಥವೆಂಬ ಪಕ್ಷ ನನ್ನದಲ್ಲ. ಇಪ್ಪತ್ತು ನಿಮಿಷ ಸಾಕೆಂಬ ಪಕ್ಷ. ನನ್ನ ತಕರಾರು ಬೇರೊಂದಿದೆ. ನಮ್ಮ ಹಿರಿಯರಲ್ಲಿ ಅನೇಕರು ಹಣವಿಟ್ಟಾಡುವ ಮೊಬೈಲ್ ರಮ್ಮಿಯನ್ನೂ ಇದನ್ನೂ ಒಂದೇ ಗೋಣಿಗೆ ತುಂಬುತ್ತಾರೆ. ರಮ್ಮಿಯಿಂದ ಮನೆಗಳು ಹಾಳಾದುದು ಸುಳ್ಳಲ್ಲ. ಆದರೆ 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಇ-ಕ್ರೀಡೆಗಳಿಗೆ ಪದಕಗಳನ್ನೇ ಕೊಟ್ಟರು. 2025ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯೂ ಹಣದ ಆಟಗಳನ್ನು ನಿಷೇಧಿಸಿ ಇ-ಕ್ರೀಡೆಗಳನ್ನು ಮಾನ್ಯಮಾಡಿತು. ದೆಹಲಿಯವರು ಕಂಡ ಭೇದವನ್ನು ನಮ್ಮ ಸ್ಟಾಫ್ ರೂಮೂ ಕಾಣಬಹುದಲ್ಲವೆ? ಕಾಲೇಜಿನ ಹಬ್ಬದಲ್ಲಿ ಕೇರಂ, ಚದುರಂಗಗಳ ಪಕ್ಕದಲ್ಲಿ ಒಂದು ಮಧ್ಯಾಹ್ನ ಈ ಪಂದ್ಯಕ್ಕೂ ಮೇಜು ದೊರೆತರೆ ಸಾಕು. ಯಂತ್ರ ನಾವೇ ತರುತ್ತೇವೆ. ಸಂಜೆ ಬೇಗ ಮುಗಿಸಬೇಕು, ಅಷ್ಟೆ. ಕತ್ತಲಾದ ಮೇಲೆ ನಮ್ಮ ಕಡೆಯ ತೋಟದ ದಾರಿಗಳು ಆನೆಗಳಿಗೆ ಸೇರಿದ್ದು.

ಈಗ ನಾನು ಊಟಕ್ಕೆ ಮೊದಲು ಇಪ್ಪತ್ತು ನಿಮಿಷ ಕೂರುತ್ತೇನೆ, ಅರ್ಥಶಾಸ್ತ್ರ ಮುಗಿದ ಮೇಲೆ. ಮೊನ್ನೆ ಅಜ್ಜನವರು ಕುತೂಹಲದಿಂದ ಪಕ್ಕಕ್ಕೆ ಬಂದು ಕುಳಿತರು. ನಡುಗುವ ಕೈಗೆ ಮೌಸು ಕೊಟ್ಟು ನಿಧಾನದ ಪಾಠವೊಂದನ್ನು ಹಚ್ಚಿದೆ. ಹತ್ತರಲ್ಲಿ ಮೂರು ಚೆಂಡು ಹೊಡೆದು, ಕನ್ನಡಕ ಸರಿಮಾಡಿಕೊಂಡು, ಪರದೆಯನ್ನೇ ಸ್ವಲ್ಪ ಹೊತ್ತು ನೋಡಿದರು. "ಇಲ್ಲಿ ಗಾಳಿಯೇ ಬೀಸೋದಿಲ್ಲವಲ್ಲೋ" ಎಂದರು.