‘ಕೈಲಿ ಕಸುವಿಲ್ಲ’ ಅನ್ನೋ ಮುಂಚೆ...

ಪಾಂಡವಪುರ: ರಾಗಿಕಲ್ಲು ಬೀಸಿ, ಆಲೆಮನೆ ಕೊಪ್ಪರಿಗೆ ಇಳಿಸಿದ ಕೈ ಅಜ್ಜಿ-ತಾತಂದಿರದು. ಈಗ ರಾಗಿಗೆ ಮಿಲ್ಲು, ಹೊಲಕ್ಕೆ ಟಿಲ್ಲರ್. ‘ಈಗಿನ ಹುಡುಗರ ಕೈಲಿ ಕಸುವಿಲ್ಲ’ ಅನ್ನೋದು ಅಂಗಡಿ ಕಟ್ಟೆ ಮಾತು. ಇದು ತಮಾಷೆಯಲ್ಲ. ಭಾರತವೂ ಸೇರಿ 17 ದೇಶಗಳಲ್ಲಿ ನಡೆದ ‘ಪ್ಯೂರ್’ ಅಧ್ಯಯನದ (2015) ಪ್ರಕಾರ, ಮುಷ್ಟಿ ಹಿಡಿತ 5 ಕೆ.ಜಿ. ಕಮ್ಮಿಯಾದರೆ ಸಾವಿನ ಅಪಾಯ ಶೇ 16ರಷ್ಟು ಜಾಸ್ತಿ.

ಹಾಗಂತ ತಪ್ಪನ್ನೆಲ್ಲ ಮೆಷಿನ್ ಮೇಲೆ ಹಾಕೋಕಾಗಲ್ಲ. ಪಕ್ಕದ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997-98ರಲ್ಲಿ ಹುಟ್ಟಿದ ಮಕ್ಕಳನ್ನು 9ನೇ ವಯಸ್ಸಲ್ಲಿ ಪರೀಕ್ಷಿಸಿದಾಗ, ಹುಟ್ಟಿದಾಗ ಹೆಚ್ಚು ತೂಕವಿದ್ದವರ ಹಿಡಿತವೇ ಗಟ್ಟಿಯಿತ್ತು. ಅಂದ್ರೆ ಕಸುವು ಶುರುವಾಗೋದು ತಾಯಿ ಹೊಟ್ಟೆಯಲ್ಲೇ. ಗರ್ಭಿಣಿಯರಿಗೆ 2017ರಿಂದ ಅಂಗನವಾಡಿಯಲ್ಲಿ ‘ಮಾತೃಪೂರ್ಣ’ ಬಿಸಿಯೂಟ ಇದೆ. ಹುಡುಗರನ್ನು ಬೈಯೋ ಮುಂಚೆ, ಮನೆಯ ಗರ್ಭಿಣಿ ಹೊಟ್ಟೆ ತುಂಬ ಉಂಡರಾ ಅಂತ ಕೇಳಬೇಕು.