ಐವತ್ತು ನಿಮಿಷದ ಪಾಠ, ಐದು ನಿಮಿಷಕ್ಕೆ ನಿದ್ದೆ!

ಬೆಳಗಿನ ಬಸ್ಸಿನಲ್ಲಿ ಹಳ್ಳಿಯಿಂದ ಕಾಲೇಜಿಗೆ ಬರುವ ಹುಡುಗರ ಕೈಲಿ ಮೊಬೈಲು. ಸಿನಿಮಾ ನೋಡ್ತಾರೆ ಅಂತ ಬೈಯುವ ಹಿರಿಯರು ಒಮ್ಮೆ ಬಗ್ಗಿ ನೋಡಲಿ. ಪರೀಕ್ಷೆ ಹತ್ತಿರ ಬಂದಾಗ ಅದರಲ್ಲಿ ಓಡುವುದು ಪಾಠದ ವಿಡಿಯೋ.

ಆದರೆ ಎಂಥ ಪಾಠ! ಮೇಷ್ಟರ ಮುಖ ಹಲಗೆಗೆ, ಬೆನ್ನು ಕ್ಯಾಮೆರಾಕ್ಕೆ. ಅವರ ದನಿಗಿಂತ ಫ್ಯಾನಿನ ಸದ್ದೇ ಜೋರು. ಅಕ್ಷರಗಳೋ ಇರುವೆ ಸಾಲು. ಅದೂ ಐವತ್ತು ನಿಮಿಷ! ಹುಡುಗ ನಿದ್ದೆ ಹೋದರೆ ತಪ್ಪು ಯಾರದು?

ಇದೇನು ಹೊಸ ವಿದ್ಯೆಯಲ್ಲ. 1975-76ರಲ್ಲೇ ಅಮೆರಿಕದ ಉಪಗ್ರಹದ ನೆರವಿನಿಂದ ಕರ್ನಾಟಕವೂ ಸೇರಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಪಾಠ ಬಂದಿತ್ತು. 1984ರಲ್ಲಿ ಯು.ಜಿ.ಸಿ. ದೂರದರ್ಶನದಲ್ಲಿ ಕಾಲೇಜು ಪಾಠ ಶುರುಮಾಡಿತು. 2017ರಲ್ಲಿ ಕೇಂದ್ರದ ‘ಸ್ವಯಂ’ ಬಂತು. ಯಂತ್ರ ಬದಲಾಯಿತು, ಪಾಠ ಹೇಳುವ ರೀತಿ ಬದಲಾಗಬೇಡವೇ?

ಅಮೆರಿಕದಲ್ಲಿ ಆನ್‌ಲೈನ್ ಕೋರ್ಸುಗಳ ವಿಡಿಯೋಗಳನ್ನು 69 ಲಕ್ಷ ಸಲ ನೋಡಿದ ಲೆಕ್ಕ ಹಿಡಿದು 2014ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ವಿಡಿಯೋ ಎಷ್ಟೇ ಉದ್ದವಿರಲಿ, ಸಾಮಾನ್ಯವಾಗಿ ನೋಡಿದ್ದು ಹೆಚ್ಚೆಂದರೆ ಆರು ನಿಮಿಷ! ಸಿದ್ಧ ಸ್ಲೈಡು ತೋರಿಸಿದ್ದಕ್ಕಿಂತ ಕೈಯಲ್ಲಿ ಬರೆಯುತ್ತಾ ವಿವರಿಸಿದ ಪಾಠ ಹೆಚ್ಚು ಹಿಡಿದಿತು.

ಇದು ಅಂಗಡಿಯವರಿಗೆ ಹೇಳಿಕೊಡಬೇಕಾಗಿಲ್ಲ. ಗಿರಾಕಿ ಮುಂದೆ ಯಾರೂ ಇಡೀ ಗೋಡೌನು ಸುರಿಯೋದಿಲ್ಲ. ಕೇಳಿದ್ದನ್ನು ತೂಗಿ ಪೊಟ್ಟಣ ಕಟ್ಟಿ ಕೊಡ್ತಾರೆ. ಪಾಠವೂ ಹಾಗೇ. ಒಂದು ವಿಡಿಯೋಗೆ ಒಂದೇ ವಿಷಯ. ಪರದೆ ಮೇಲಿರುವುದನ್ನೇ ಮೇಷ್ಟರು ಗಿಣಿಪಾಠ ಒಪ್ಪಿಸಿದರೆ ಕಣ್ಣು-ಕಿವಿ ಎರಡಕ್ಕೂ ಜಗಳ. ಚಿತ್ರ ತೋರಿಸಲಿ, ಬಾಯಲ್ಲಿ ವಿವರಿಸಲಿ. ಕೊನೆಗೊಂದು ಪ್ರಶ್ನೆ ಕೇಳಲಿ. ಪಾರಿಭಾಷಿಕ ಪದ ಇಂಗ್ಲಿಷಿನದೇ ಇರಲಿ, ವಿವರಣೆ ಕನ್ನಡದಲ್ಲಿ ಬರಲಿ. ಮೊಬೈಲಿನಲ್ಲಿ ಕಾಣುವಷ್ಟು ದಪ್ಪ ಅಕ್ಷರ, ಕಾಲರಿಗೆ ಸಿಕ್ಕಿಸುವ ಒಂದು ಮೈಕು: ಇದಕ್ಕೇನು ಕೋಟಿ ಬೇಕೇ?

‘ಆರು ನಿಮಿಷದಲ್ಲಿ ಸಿಲಬಸ್ ಮುಗಿಯುತ್ತಾ?’ ಎಂದು ಕೇಳುವವರುಂಟು. ಒಂದು ಪಾಠವನ್ನು ಎಂಟು ತುಂಡು ಮಾಡಿ ಸ್ವಾಮಿ, ಬೇಡವೆಂದವರಾರು?

ದುಡ್ಡಿದ್ದವನ ಮಗ ಟ್ಯೂಷನ್ನಿಗೆ ಹೋಗುತ್ತಾನೆ. ಕೊನೆ ಬಸ್ಸು ಹಿಡಿದು ಊರು ಸೇರುವ ಕೂಲಿಯವನ ಮಗಳಿಗೆ ಬಿಟ್ಟುಹೋದ ಕ್ಲಾಸಿನ ಬದಲಿಗೆ ಇರುವುದು ಈ ವಿಡಿಯೋ ಒಂದೇ. ಅದೂ ಅರ್ಥವಾಗದಿದ್ದರೆ ಅವಳು ಫೇಲು. ಫೇಲಾದರೆ ಓದಿಗೆ ಎಳ್ಳುನೀರು, ಮುಂದೆ ಮದುವೆ ಮಾತು.

ಹಾಗಂತ ಖಾಲಿ ಹುದ್ದೆ ತುಂಬದೆ ವಿಡಿಯೋ ತೋರಿಸಿ ಕೈತೊಳೆದುಕೊಳ್ಳುವ ಹುನ್ನಾರವೂ ಬೇಡ. ಸಂದೇಹ ಬಂದಾಗ ಉತ್ತರ ಹೇಳಲು ಮೇಷ್ಟರು ಬೇಕೇ ಬೇಕು.

ಕಾಲೇಜಿನ ದೊಡ್ಡವರು ಒಂದು ದಿನ ಆ ಬಸ್ಸಿನಲ್ಲಿ ನಿಂತು, ತಮ್ಮದೇ ವಿಡಿಯೋವನ್ನು ಪೂರ್ತಿ ನೋಡಲಿ. ಊರು ಬರುವ ತನಕ ಎಚ್ಚರವಿದ್ದರೆ ಆಮೇಲೆ ಮಾತಾಡೋಣ!