ಲಾಭವಿದೆ, ಗಲ್ಲಾಪೆಟ್ಟಿಗೆ ಖಾಲಿ

ಊರು ಬಿಟ್ಟು ಬಂದ ಕನ್ನಡಿಗರು ಸ್ವಂತದ್ದೊಂದು ವ್ಯವಹಾರ ಕಟ್ಟುವುದು ಹೊಸದೇನಲ್ಲ. ಮುಂಬೈನಲ್ಲಿ ಉಡುಪಿ ಹೋಟೆಲುಗಳನ್ನು ಬೆಳೆಸಿದ ತಲೆಮಾರು ನಮ್ಮ ಮುಂದೆಯೇ ಇದೆ. ಈಗ ಪುಣೆ, ಹೈದರಾಬಾದ್, ಚೆನ್ನೈಗಳಲ್ಲಿ ನಮ್ಮಂತಹ ಐಟಿ ಉದ್ಯೋಗಿಗಳೂ ಊಟದ ಡಬ್ಬಿ ಪೂರೈಕೆ, ಕೋಚಿಂಗ್, ಸಣ್ಣ ಸಾಫ್ಟ್‌ವೇರ್ ಸೇವೆ ಎಂದು ಕೈಹಾಕುತ್ತಿದ್ದಾರೆ. ಹೆಸರು, ಲೋಗೊ, ಆ್ಯಪ್ ಕುರಿತು ವಾರಗಟ್ಟಲೆ ಚರ್ಚೆ ನಡೆಯುತ್ತದೆ. ಲೆಕ್ಕಪತ್ರದ ಮಾತು ಬಂದರೆ ಮಾತ್ರ ‘ಅದನ್ನು ಸಿಎ ನೋಡಿಕೊಳ್ಳುತ್ತಾರೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ವರ್ಷಕ್ಕೊಮ್ಮೆ ಬಿಲ್ಲುಗಳ ಚೀಲವನ್ನು ಅವರ ಮೇಜಿನ ಮೇಲೆ ಇಟ್ಟು ಬಂದರೆ ಮುಗಿಯಿತು ಎಂದುಕೊಳ್ಳುತ್ತೇವೆ.

ಈ ಮನೋಭಾವ ಅಪಾಯಕಾರಿ. ಲೆಕ್ಕ ಬರೆಯುವುದು ತೆರಿಗೆ ಇಲಾಖೆಗಾಗಿ ಎಂಬ ತಪ್ಪು ತಿಳಿವಳಿಕೆಯಿಂದ ಅದು ಹುಟ್ಟಿದೆ. ಲೆಕ್ಕಪತ್ರದ ಮೊದಲ ಓದುಗ ಮಾಲೀಕನೇ ಆಗಬೇಕು. ಯಾಕೆ ಎನ್ನುವುದಕ್ಕೆ ಒಂದು ಸರಳ ಉದಾಹರಣೆ ನೋಡೋಣ.

ಕಚೇರಿಗಳಿಗೆ ಊಟ ಪೂರೈಸುವ ಒಂದು ಸಣ್ಣ ಘಟಕ ಇದೆ ಎಂದುಕೊಳ್ಳಿ. ಒಂದು ತಿಂಗಳಲ್ಲಿ ಅದು ಮಾಡಿದ ಬಿಲ್ 4 ಲಕ್ಷ ರೂಪಾಯಿ. ದಿನಸಿಗೆ 1.60 ಲಕ್ಷ, ಕೂಲಿಗೆ 90 ಸಾವಿರ, ಬಾಡಿಗೆಗೆ 40 ಸಾವಿರ, ಗ್ಯಾಸ್ ಮತ್ತು ವಾಹನಕ್ಕೆ 30 ಸಾವಿರ, ಒಟ್ಟು 3.20 ಲಕ್ಷ ಖರ್ಚು. ಆರಂಭದಲ್ಲಿ 1.20 ಲಕ್ಷಕ್ಕೆ ಕೊಂಡ ಗ್ರೈಂಡರ್ 5 ವರ್ಷ ಬಾಳುತ್ತದೆ ಎಂದರೆ ತಿಂಗಳಿಗೆ 2 ಸಾವಿರ ಸವಕಳಿ. ಎಲ್ಲ ಕಳೆದರೆ ಲಾಭ 78 ಸಾವಿರ. ಹೊಸ ವ್ಯವಹಾರಕ್ಕೆ ಖುಷಿಪಡುವ ಅಂಕಿಯೇ.

ಆದರೆ ಕಂಪನಿಗಳು ಕೂಡಲೇ ಹಣ ಕೊಡುವುದಿಲ್ಲ. 4 ಲಕ್ಷದಲ್ಲಿ ಆ ತಿಂಗಳು ಕೈಗೆ ಬಂದದ್ದು 1.50 ಲಕ್ಷ, ಉಳಿದ 2.50 ಲಕ್ಷ 60 ದಿನಗಳ ನಂತರ. ದಿನಸಿ ಅಂಗಡಿ, ಕೆಲಸಗಾರರು, ಮನೆ ಮಾಲೀಕ ಯಾರೂ 60 ದಿನ ಕಾಯುವುದಿಲ್ಲ. ಅಂದರೆ 78 ಸಾವಿರ ಲಾಭ ಮಾಡಿದ ತಿಂಗಳಲ್ಲೇ ಗಲ್ಲಾದಲ್ಲಿ 1.70 ಲಕ್ಷ ಕೊರತೆ. ಆರ್ಡರ್ ಹೆಚ್ಚಿದಂತೆ ಈ ಕೊರತೆಯೂ ಬೆಳೆಯುತ್ತದೆ, ಏಕೆಂದರೆ ಹೊಸ ಆರ್ಡರಿನ ದಿನಸಿಗೆ ಇಂದೇ ಹಣ ಬೇಕು, ಅದರ ಬಿಲ್ಲಿನ ಹಣ ಬರುವುದು ಎರಡು ತಿಂಗಳ ಮೇಲೆ. ವ್ಯಾಪಾರ ಚೆನ್ನಾಗಿದ್ದಾಗಲೇ ಸಾಲಕ್ಕೆ ಸಿಲುಕಿ ಬಾಗಿಲು ಹಾಕುವ ಘಟಕಗಳ ಗುಟ್ಟು ಇದೇ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ನಿಜ. ಹಾಸಿಗೆ ಎಷ್ಟಿದೆ ಎಂದು ಅಳೆದು ಹೇಳುವುದು ಲೆಕ್ಕಪತ್ರ.

ಹೀಗಾಗಿಯೇ ವ್ಯವಹಾರಕ್ಕೆ ಒಂದಲ್ಲ, ಮೂರು ಪಟ್ಟಿಗಳು ಬೇಕು. ಗಳಿಸಿದ್ದೆಷ್ಟು, ಖರ್ಚಾದದ್ದೆಷ್ಟು ಎಂದು ಹೇಳುವುದು ಲಾಭ-ನಷ್ಟದ ಪಟ್ಟಿ. ಈ ದಿನ ನಮ್ಮ ಬಳಿ ಏನಿದೆ, ನಾವು ಯಾರಿಗೆ ಎಷ್ಟು ಕೊಡಬೇಕು ಎಂದು ಹೇಳುವುದು ಆಸ್ತಿ-ಹೊಣೆಗಳ ಪಟ್ಟಿ, ಅಂದರೆ ಬ್ಯಾಲೆನ್ಸ್ ಶೀಟ್. ನಗದು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಹೇಳುವುದು ನಗದು ಹರಿವಿನ ಪಟ್ಟಿ. ಮೊದಲನೆಯದನ್ನು ಮಾತ್ರ ನೋಡಿದವರಿಗೆ ಮೇಲಿನ 1.70 ಲಕ್ಷದ ಕೊರತೆ ಕಾಣುವುದೇ ಇಲ್ಲ.

ಈ ಪಟ್ಟಿಗಳೆಲ್ಲ ನಿಂತಿರುವುದು ಜೋಡಿ ನಮೂದು ಪದ್ಧತಿಯ ಮೇಲೆ. ಪ್ರತಿ ವ್ಯವಹಾರವನ್ನೂ ಎರಡು ಕಡೆ ಬರೆಯಬೇಕು. ಗ್ರೈಂಡರ್ ಕೊಂಡರೆ ನಗದು ಇಳಿಯುತ್ತದೆ, ಆಸ್ತಿ ಏರುತ್ತದೆ. ಸಾಲ ಪಡೆದರೆ ನಗದು ಏರುತ್ತದೆ, ಹೊಣೆಯೂ ಏರುತ್ತದೆ. ಇಟಲಿಯ ಗಣಿತಜ್ಞ ಲೂಕಾ ಪಚೋಲಿ 1494ರಲ್ಲಿ ವೆನಿಸ್‌ನಲ್ಲಿ ಮುದ್ರಿಸಿದ ಗ್ರಂಥದಲ್ಲಿ ಇದನ್ನು ವಿವರಿಸಿದ. ಅದು ಅವನು ಕಂಡುಹಿಡಿದದ್ದಲ್ಲ, ಅಲ್ಲಿನ ವರ್ತಕರು ಅದಾಗಲೇ ಬಳಸುತ್ತಿದ್ದ ಕ್ರಮ. ಪ್ರೋಗ್ರಾಮ್ ಬರೆಯುವ ನಮಗೆ ಇದು ಅಪರಿಚಿತವೇನಲ್ಲ. ದತ್ತಾಂಶದ ಜೊತೆಗೇ ಅದರ ತಪಾಸಣೆಯನ್ನೂ ಹೆಣೆದಿಟ್ಟ ವ್ಯವಸ್ಥೆ ಇದು. ಎರಡು ಕಡೆಯ ಮೊತ್ತ ತಾಳೆಯಾಗದಿದ್ದರೆ ಎಲ್ಲೋ ತಪ್ಪಿದೆ ಎಂದೇ ಅರ್ಥ.

ಮೊತ್ತಗಳು ತಾಳೆಯಾದ ಮಾತ್ರಕ್ಕೆ ಎಲ್ಲವೂ ನಿಜ ಎಂದು ಅರ್ಥವಲ್ಲ. ಅದನ್ನು ಕಲಿಸಿದ್ದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಪ್ರಕರಣ. 2009ರ ಜನವರಿ 7ರಂದು ಕಂಪನಿಯ ಅಧ್ಯಕ್ಷ ರಾಮಲಿಂಗ ರಾಜು ಆಡಳಿತ ಮಂಡಳಿಗೆ ಬರೆದ ಪತ್ರದಲ್ಲಿ, ಲೆಕ್ಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. 2008ರ ಸೆಪ್ಟೆಂಬರ್‌ಗೆ ಮುಗಿದ ತ್ರೈಮಾಸಿಕದಲ್ಲಿ 2,700 ಕೋಟಿ ಆದಾಯ ತೋರಿಸಲಾಗಿತ್ತು. ನಿಜವಾದದ್ದು 2,112 ಕೋಟಿ. 649 ಕೋಟಿ ಎಂದು ತೋರಿಸಿದ್ದ ನಿರ್ವಹಣಾ ಲಾಭ ವಾಸ್ತವದಲ್ಲಿ 61 ಕೋಟಿ.

ಇಲ್ಲದ ಹಣವನ್ನು ಬ್ಯಾಂಕಿನಲ್ಲಿದೆ ಎಂದು ತೋರಿಸಬೇಕಾಗಿ ಬಂದದ್ದು ಯಾಕೆ? ಜೋಡಿ ನಮೂದಿನ ಒತ್ತಡದಿಂದ. ಒಂದು ಕಡೆ ಸುಳ್ಳು ಆದಾಯ ಬರೆದರೆ, ಆ ಹಣ ಬಂದು ಸೇರಿದ ಜಾಗವನ್ನು ಇನ್ನೊಂದು ಕಡೆ ತೋರಿಸಲೇಬೇಕು. ಮೊದಲ ಸುಳ್ಳು ಎರಡನೆಯದನ್ನು ಬೇಡಿತು, ವರ್ಷದಿಂದ ವರ್ಷಕ್ಕೆ ಮೊತ್ತ ಬೆಳೆಯಿತು. ಬ್ಯಾಂಕಿನಿಂದ ನೇರವಾಗಿ ದೃಢೀಕರಣ ಪಡೆದಿದ್ದರೆ ಇದು ಬಹಳ ಹಿಂದೆಯೇ ಹೊರಬೀಳುತ್ತಿತ್ತು. ಸುಮಾರು 50 ಸಾವಿರ ಉದ್ಯೋಗಿಗಳ ಭವಿಷ್ಯ ಆ ಒಂದು ಪರಿಶೀಲನೆಯ ಮೇಲೆ ನಿಂತಿತ್ತು. ಸಂಬಳಕ್ಕೆ ದುಡಿಯುವವರಿಗೂ ಲೆಕ್ಕಪತ್ರ ಓದಲು ಬರಬೇಕು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ನಮ್ಮ ನಾಡಿನ ಹಳೆಯ ವರ್ತಕರು ಕಡತದಲ್ಲಿ ಲೆಕ್ಕ ಇಡುತ್ತಿದ್ದರು. ಹುಣಸೆಬೀಜದ ಅಂಟು ಮತ್ತು ಇದ್ದಿಲು ಬಳಿದ ಬಟ್ಟೆಯ ಮೇಲೆ ಬಳಪದಿಂದ ಬರೆಯುವ ಪುಸ್ತಕ ಅದು. ಬೇಕೆಂದರೆ ಒರೆಸಿ ಮತ್ತೆ ಬರೆಯಬಹುದಿತ್ತು. ಕಂಪ್ಯೂಟರ್ ಲೆಕ್ಕದಲ್ಲೂ ಬಹುಕಾಲ ಇದೇ ಸೌಕರ್ಯ ಇತ್ತು. ಆದರೆ 2023ರ ಏಪ್ರಿಲ್ 1ರಿಂದ ಕಂಪನಿ ಕಾಯ್ದೆಯಡಿ ಬರುವ ಕಂಪನಿಗಳು ಪ್ರತಿ ಬದಲಾವಣೆಯನ್ನೂ ದಿನಾಂಕ ಸಮೇತ ದಾಖಲಿಸುವ ತಂತ್ರಾಂಶವನ್ನೇ ಬಳಸಬೇಕು. ದಾಖಲೆಯ ಆ ಸೌಲಭ್ಯವನ್ನು ನಿಷ್ಕ್ರಿಯಗೊಳಿಸುವಂತಿಲ್ಲ. ನಮ್ಮ ಕೋಡ್‌ನ ಪ್ರತಿ ತಿದ್ದುಪಡಿಗೂ ಲಾಗ್ ಇರಬೇಕು ಎಂದು ಹಟ ಹಿಡಿಯುವ ನಾವು ನಮ್ಮ ದುಡ್ಡಿಗೆ ಅಷ್ಟೇ ಶಿಸ್ತು ಕೇಳಬಾರದೇ?

ಹೊಸದಾಗಿ ವ್ಯವಹಾರಕ್ಕೆ ಇಳಿಯುವವರು ಮೊದಲ ದಿನದಿಂದಲೇ ಮಾಡಬಹುದಾದ ಕೆಲಸಗಳು ಕೆಲವಿವೆ. ಮನೆಯ ಖಾತೆ ಮತ್ತು ವ್ಯವಹಾರದ ಖಾತೆ ಬೇರೆಯಿರಲಿ. ನಿಮ್ಮ ದುಡಿಮೆಗೂ ಒಂದು ಸಂಬಳ ಬರೆದುಕೊಳ್ಳಿ, ಇಲ್ಲದಿದ್ದರೆ ಕಾಣುವ ಲಾಭ ನಿಮ್ಮ ಬೆವರಿನ ಬೆಲೆಯಷ್ಟೇ ಆಗಿರಬಹುದು. ಗ್ರಾಹಕರಿಂದ ಪಡೆದ ಜಿಎಸ್‌ಟಿ ನಿಮ್ಮದಲ್ಲ, ಅದನ್ನು ಆದಾಯವೆಂದು ಎಣಿಸಬೇಡಿ. ತಿಂಗಳಿಗೊಮ್ಮೆ ಪುಸ್ತಕದ ಶಿಲ್ಕನ್ನು ಬ್ಯಾಂಕಿನ ಶಿಲ್ಕಿನೊಂದಿಗೆ ತಾಳೆ ನೋಡಿ. ಬರಬೇಕಾದ ಹಣದ ಪಟ್ಟಿಯನ್ನು 30 ದಿನ, 60 ದಿನ ಎಂದು ವಿಂಗಡಿಸಿ ಇಡಿ. ತಯಾರಿಕೆ ಅಥವಾ ಸೇವೆಯಲ್ಲಿರುವ ಸಣ್ಣ ಘಟಕವಾದರೆ ಉದ್ಯಮ್ ನೋಂದಣಿ ಮಾಡಿಸಿ. ನೋಂದಾಯಿತ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಒಪ್ಪಂದವಿದ್ದರೆ ಗರಿಷ್ಠ 45 ದಿನ, ಇಲ್ಲದಿದ್ದರೆ 15 ದಿನಗಳಲ್ಲಿ ಹಣ ಕೊಡಬೇಕು ಎನ್ನುತ್ತದೆ 2006ರ ಕಾಯ್ದೆ. ತಡಮಾಡಿದ ಖರೀದಿದಾರರು ಆ ಖರ್ಚಿನ ತೆರಿಗೆ ಕಡಿತವನ್ನು ಹಣ ಪಾವತಿಸಿದ ವರ್ಷದಲ್ಲಷ್ಟೇ ಪಡೆಯಬಹುದು. ಬಾಕಿ ಕೇಳುವಾಗ ಇದು ದೊಡ್ಡ ಬಲ.

ಕೊನೆಯದಾಗಿ ಪಾಲುದಾರಿಕೆಯ ಮಾತು. ಪರಊರಿನಲ್ಲಿ ನಾವು ವ್ಯವಹಾರ ಶುರು ಮಾಡುವುದು ಹೆಚ್ಚಾಗಿ ನಮ್ಮ ಊರಿನವರು, ಸಂಬಂಧಿಕರು, ಹಾಸ್ಟೆಲ್ ಗೆಳೆಯರ ಜೊತೆ. ಅಲ್ಲಿ ಲೆಕ್ಕ ಕೇಳುವುದು ಅನುಮಾನ ಪಟ್ಟಂತೆ ಎಂಬ ದಾಕ್ಷಿಣ್ಯ ಇದೆ. ಎರಡು ವರ್ಷ ಯಾರೂ ಕೇಳದೆ, ಮೂರನೇ ವರ್ಷ ಎಲ್ಲರೂ ಒಟ್ಟಿಗೆ ಕೇಳಿದಾಗ ವ್ಯವಹಾರದ ಜೊತೆ ಸ್ನೇಹವೂ ಮುರಿಯುತ್ತದೆ. ಪ್ರತಿ ತಿಂಗಳು ಎಲ್ಲರೂ ಕುಳಿತು ನೋಡುವ ಮೂರು ಪುಟದ ಲೆಕ್ಕ ಇದ್ದರೆ ಆ ಪರಿಸ್ಥಿತಿ ಬರುವುದಿಲ್ಲ. ಸಿಎ ಸಲಹೆ ಖಂಡಿತ ಬೇಕು, ತೆರಿಗೆ ವಿಷಯದಲ್ಲಂತೂ ಅವರಿಲ್ಲದೆ ಆಗದು. ಆದರೆ ಅವರು ಕೊಡುವ ಪಟ್ಟಿಯನ್ನು ಓದಿ, ‘ಈ ಹಣ ಈಗ ಎಲ್ಲಿದೆ?’ ಎಂದು ಕೇಳುವ ಕೆಲಸ ನಮ್ಮದೇ. ಈ ತಿಂಗಳ ಲೆಕ್ಕದಿಂದಲೇ ಅದನ್ನು ಶುರು ಮಾಡಬಹುದು.